ಗುಲಾಬಿ ಬಣ್ಣದ್ದು

"ಬಾಯಿ ತೆಗಿ ಅಂದ್ರೆ ಹಲ್ಲು ಕಚ್ಕೊಂಡು ಕೂತಿದ್ದೀಯಲ್ಲಮ್ಮ," ಅಂದರು ಡಾಕ್ಟರ್. "ಹಾಸ್ಟೆಲಿನವರದ್ದೆಲ್ಲ ಬಾಯಿ ತೆಗೆಸಿದವಳು ನೀನು!"

ಅವಳು ಇನ್ನೊಮ್ಮೆ ಪ್ರಯತ್ನಪಟ್ಟಳು. ದವಡೆ ಮಾತು ಕೇಳಲಿಲ್ಲ. ಡಾಕ್ಟರ ಕೈಯಲ್ಲಿದ್ದ ಸೂಜಿಯಿಲ್ಲದ ಸಿರಿಂಜಿನ ತಳದಲ್ಲಿ ನಾಲ್ಕೈದು ಹನಿಯಷ್ಟು ಗುಲಾಬಿ ಬಣ್ಣದ ಔಷಧಿ ನಿಂತಿತ್ತು. ಆ ಬಣ್ಣ ಅವಳ ಬಾಯಿಯ ಇಷ್ಟು ಹತ್ತಿರ ಬಂದದ್ದು ನಾಲ್ಕು ವರ್ಷದವಳಿದ್ದಾಗ. ಅದೂ ಅವಳಿಗೆ ನೆನಪಿದ್ದದ್ದಲ್ಲ, ಅಮ್ಮ ಹೇಳಿ ಹೇಳಿ ನೆನಪಾದದ್ದು.

"ಕ್ಯಾಪ್ಸೂಲ್ ಇಲ್ವಾ ಮೇಡಂ? ಬೇರೆ ಬಣ್ಣದ್ದು?"

"ಕ್ಯಾಪ್ಸೂಲನ್ನ ಹತ್ತು ಪಾಲು ಹೇಗೆ ಮಾಡ್ಲಿ, ಕತ್ತರಿ ಹಿಡ್ಕೊಂಡಾ? ಮೊದಲು ಹತ್ತರಲ್ಲೊಂದು ಪಾಲು, ಏನೂ ಆಗದಿದ್ರೆ ಉಳಿದದ್ದು. ನಿನ್ನ ಪ್ರಬಂಧದಲ್ಲಿ ನೀನೇ ಬರೆದಿದ್ದೀಯ."

"ಮೂಗು ಹಿಡೀಲಾ?" ಅಂದರು ಪಕ್ಕದಲ್ಲಿ ನಿಂತಿದ್ದ ಸಿಸ್ಟರ್. ಅವರ ಮುಂದಿನ ತಟ್ಟೆಯಲ್ಲಿ ಒಂದು ಇಂಜೆಕ್ಷನ್ ತುಂಬಿ ಸಿದ್ಧವಾಗಿತ್ತು. ಹೆಚ್ಚುಕಮ್ಮಿಯಾದರೆ ತೊಡೆಗೆ ಚುಚ್ಚಲು. ಗೋಡೆಯ ಪಕ್ಕ ಆಕ್ಸಿಜನ್ ಸಿಲಿಂಡರು.

ಅವಳು ಕಣ್ಣು ಮುಚ್ಚಿದಳು. ಬಣ್ಣ ಹೋಯಿತು, ಬಾಯಿ ತೆರೆಯಿತು. ನಾಲಿಗೆಯ ಮೇಲೆ ಬಿದ್ದದ್ದು ಸಿಹಿಯಾಗಿತ್ತು, ಅದರ ಹಿಂದೆಯೇ ಸುಣ್ಣ ನೆಕ್ಕಿದ ಹಾಗೆ ಒಂದು ಒಗರು. ನುಂಗಿದಳು.

"ಆಯ್ತು," ಅಂದರು ಡಾಕ್ಟರ್. "ಈಗ ಕಾಯೋದು. ಬಾಯಲ್ಲಿ, ಮೈಮೇಲೆ ಎಲ್ಲಾದ್ರೂ ತುರಿಕೆ ಶುರುವಾದ್ರೆ ಹೇಳು."

ತುರಿಕೆ ಆಗಲೇ ಶುರುವಾಗಿತ್ತು. ಕಿವಿಯ ಹಿಂದೆ, ಮೊಣಕಾಲ ಸಂದಿಯಲ್ಲಿ, ಚಪ್ಪಲಿಯೊಳಗಿನ ಕಿರುಬೆರಳಲ್ಲಿ. ಅದು ಔಷಧಿಯದ್ದಲ್ಲ, ಡಾಕ್ಟರ ಮಾತಿನದ್ದು ಎಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ಬಂದು ಇದೇ ಕುರ್ಚಿಯಲ್ಲಿ ಕೂತವರೆಲ್ಲ ಹೀಗೆಯೇ ಕೆರೆದುಕೊಂಡಿದ್ದರು. ಅವರ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತು ನಕ್ಕವಳು ಅವಳೇ.

ಔಷಧಶಾಸ್ತ್ರ ಓದುತ್ತಿದ್ದ ಅವಳಿಗೆ ಪ್ರಬಂಧಕ್ಕೆ ಸಿಕ್ಕ ವಿಷಯ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಔಷಧದ ಅಲರ್ಜಿ ಎಷ್ಟು ಜನರಿಗಿದೆ ಅನ್ನುವುದು. ಕೊಟ್ಟವರು ಇದೇ ಆರೋಗ್ಯ ಕೇಂದ್ರದ ಡಾಕ್ಟರ್. ಇಡೀ ಒಂದು ಸೆಮಿಸ್ಟರ್ ಅವಳು ಹಾಸ್ಟೆಲುಗಳ ಬಾಗಿಲು ತಟ್ಟಿದ್ದಳು. ಒಂದೇ ವಾರದಲ್ಲಿ 'ಅಲರ್ಜಿ ಅಕ್ಕ' ಅನ್ನುವ ಹೆಸರು ಅವಳಿಗಿಂತ ಮುಂದೆ ಮೆಟ್ಟಿಲು ಹತ್ತತೊಡಗಿತು.

"ಅಲರ್ಜಿ ಅಕ್ಕ ಬಂದ್ಲು ಕಣ್ರೋ, ಬಾಗಿಲು ಹಾಕ್ಕೊಳ್ಳಿ!"

"ನಿಮಗೆ ಯಾವುದಾದರೂ ಔಷಧಿ ಅಲರ್ಜಿ ಇದೆಯಾ?"

"ಔಷಧಿಯಲ್ಲ ಅಕ್ಕಾ, ಎಂಟು ಗಂಟೆ ಕ್ಲಾಸು. ಕೂತ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತೆ."

"ನನಗೆ ವಾರ್ಡನ್. ಕಂಡ ಕೂಡಲೇ ಮೈಯೆಲ್ಲ ಉರಿ."

ತಮಾಷೆ ಮುಗಿದ ಮೇಲೆ ಉತ್ತರ ಬರುತ್ತಿತ್ತು. ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು ಹೌದು ಅಂದರು. ಯಾವ ಔಷಧಿ ಎಂದು ಕೇಳಿದರೆ ಮಾತ್ರ ಎಲ್ಲರೂ ಚಾವಣಿ ನೋಡುತ್ತಿದ್ದರು. ಕಾನೂನು ಓದುವ ಹುಡುಗಿಯೊಬ್ಬಳು 'ಹಳದಿ ಮಾತ್ರೆ, ಮಧ್ಯದಲ್ಲಿ ಗೆರೆ ಇರುತ್ತಲ್ಲ' ಅಂದಳು. ಒಬ್ಬ 'ನಾಯಿ ಕಚ್ಚಿದಾಗ ಕೊಟ್ಟಿದ್ದು, ಆದ್ರೆ ನಾಯಿ ಕಚ್ಚಿದ್ದು ನನ್ನಣ್ಣನಿಗೆ' ಅಂದ. ಎತ್ತರದ ಒಬ್ಬ ಹುಡುಗ ಅಲ್ಲಿಂದಲೇ ಮನೆಗೆ ಫೋನು ಹಚ್ಚಿ, ಬೀರುವಿನಲ್ಲಿ ಸ್ವೆಟರ್ ಎಲ್ಲಿದೆ ಅಂತ ಕೇಳುವ ದನಿಯಲ್ಲಿ, "ಅಮ್ಮಾ, ನನಗೆ ಯಾವುದರ ಅಲರ್ಜಿ?" ಅಂದಿದ್ದ. ಅವನ ಅಮ್ಮ ಉತ್ತರ ಹೇಳಿದ ಮೇಲೂ ಫೋನು ಇಡಲಿಲ್ಲ. ಊಟ ಮಾಡಿದ್ಯಾ, ಬಟ್ಟೆ ಒಗೆದ್ಯಾ ಎಂದು ಕೇಳಿದ್ದು ಕಾರಿಡಾರಿಗೆಲ್ಲ ಕೇಳಿಸಿತು.

"ಇದು ವಿದ್ಯಾರ್ಥಿಗಳ ಸರ್ವೆ ಅಲ್ಲ ಬಿಡು," ಅಂದಿದ್ದರು ಡಾಕ್ಟರ್, ಲೆಕ್ಕ ನೋಡಿ. "ಅವರ ಅಮ್ಮಂದಿರ ಸರ್ವೆ. ಈಗ ಈ ಹೌದುಗಳಲ್ಲಿ ಎಷ್ಟು ನಿಜ ಅಂತ ನೋಡಬೇಕು."

ಪೆನಿಸಿಲಿನ್ ಜಾತಿಯ ಔಷಧಿ ಆಗುವುದಿಲ್ಲ ಅಂದವರಲ್ಲಿ ಹದಿನೆಂಟು ಜನ ಪರೀಕ್ಷೆಗೆ ಒಪ್ಪಿ ಬಂದರು. ಹದಿನಾರು ಜನ ಆ ಔಷಧಿ ಕುಡಿದು, ಕಾದು, ಕೆರೆದುಕೊಂಡು, ಬಿಸ್ಕತ್ತು ತಿಂದು ಎದ್ದು ಹೋದರು. ಏನೂ ಆಗಲಿಲ್ಲ. ಚಿಕ್ಕವರಿದ್ದಾಗ ಜ್ವರ ಬಂದು, ಆ ಜ್ವರದಿಂದಲೇ ಎದ್ದ ದದ್ದು ಕೈಲಿದ್ದ ಔಷಧಿಯ ತಲೆಗೆ ಕಟ್ಟಿದ್ದು ಅದು. ಉಳಿದ ಇಬ್ಬರಿಗೆ ಆಯಿತು.

ಪಟ್ಟಿಯಲ್ಲಿ ಹತ್ತೊಂಬತ್ತನೆಯವಳು ಅವಳೇ.

ಅವಳಿಗೆ ಏನೂ ಆಗದಿದ್ದರೆ ಆಗುವುದು ಏನು ಅನ್ನುವುದು ಅವಳಿಗೊಬ್ಬಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅಪ್ಪನ ತಲೆಯ ಮೇಲಿದ್ದ ಅಪವಾದ ಇಳಿಯುತ್ತಿತ್ತು.

ಆಗ ಅಪ್ಪ ಅವಳ ಸೋದರಮಾವನ ಔಷಧಿ ಅಂಗಡಿಯಲ್ಲಿ ಕೂರುತ್ತಿದ್ದ. ಮಾವ ಮಾಲೀಕ, ಆದರೆ ಗಿರಾಕಿಗಳಿಗೆ ಬೇಕಾಗಿದ್ದದ್ದು ಅಪ್ಪ. ಕೆಮ್ಮು ಅನ್ನುವಷ್ಟರಲ್ಲಿ ಬಾಟಲಿ ಕೌಂಟರಿನ ಮೇಲಿರುತ್ತಿತ್ತು. ಮಗಳಿಗೆ ಜ್ವರ ಬಂದು ಕಿವಿ ನೋವೆಂದು ಅತ್ತಾಗ ಡಾಕ್ಟರ ಹತ್ತಿರ ಹೋಗದೆ ಅಂಗಡಿಯಿಂದಲೇ ಗುಲಾಬಿ ಬಣ್ಣದ ಔಷಧಿ ತಂದು ಎರಡು ಚಮಚ ಕುಡಿಸಿದ. ಮಾರನೆಯ ದಿನ ಮಗುವಿನ ಮೈತುಂಬ ದದ್ದು. ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೂ ಅಪ್ಪನೇ. ಅಲ್ಲಿಯ ಡಾಕ್ಟರು, ಇದನ್ನು ಇನ್ನು ಕೊಡಬೇಡಿ, ಅಲರ್ಜಿ ಇರಬಹುದು ಅಂದರು. 'ಇರಬಹುದು' ಅನ್ನುವ ಮಾತು ಆಸ್ಪತ್ರೆಯ ಗೇಟಿನಲ್ಲೇ ಉಳಿಯಿತು.

ಮನೆಗೆ ಬಂದ ಕಥೆ ಮಗಳ ಜೊತೆಗೇ ಬೆಳೆಯಿತು. ಮೊದಮೊದಲು ಬರೀ ದದ್ದು. ಅವಳು ಶಾಲೆಗೆ ಸೇರುವ ಹೊತ್ತಿಗೆ ಕಣ್ಣೂ ಊದಿಕೊಂಡಿತ್ತು. ಹೈಸ್ಕೂಲಿಗೆ ಬಂದಾಗ ತುಟಿ. ಕಾಲೇಜು ಸೇರುವಾಗ ಉಸಿರೇ ನಿಂತು ಮಗು ನೀಲಿಗಟ್ಟಿತ್ತು. "ಇವರ ಕೈಯಿಂದ ಇವಳು ಉಳಿದಿದ್ದೇ ಹೆಚ್ಚು," ಅನ್ನುತ್ತಿದ್ದಳು ಅಮ್ಮ, ಬಂದವರ ಮುಂದೆ ಟೀ ಇಡುತ್ತಾ. ಅಪ್ಪ ಇಲ್ಲ ಅನ್ನುತ್ತಿರಲಿಲ್ಲ, ಹೌದು ಅನ್ನುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ.

ಅಮ್ಮನಿಗೆ ಔಷಧಿಯ ಹೆಸರು ಯಾವತ್ತೂ ಬಾಯಿಗೆ ಹತ್ತಲಿಲ್ಲ, ಬಣ್ಣ ಹತ್ತಿತು. ಗುಲಾಬಿ ಬಣ್ಣದ್ದು ಯಾವುದೂ ಮಗಳ ಬಾಯಿಗೆ ಹೋಗಕೂಡದು. ಹಾಗಾಗಿ ಅವಳು ಸ್ಟ್ರಾಬೆರಿ ಐಸ್‌ಕ್ರೀಮು ತಿನ್ನದೆ, ಗೆಳತಿಯರ ಹುಟ್ಟುಹಬ್ಬದ ಕೇಕಿನ ಮೇಲಿನ ಹೂವು ಕೆರೆದು ಪಕ್ಕಕ್ಕಿಟ್ಟು, ಟೂತ್‌ಪೇಸ್ಟು ಸಹ ಬಿಳಿಯದ್ದೇ ಉಜ್ಜಿ ದೊಡ್ಡವಳಾದಳು. ಲಿಪ್‌ಸ್ಟಿಕ್ಕು ಕೆಂಪಾದರೆ ಅಡ್ಡಿಯಿಲ್ಲ. ಔಷಧಶಾಸ್ತ್ರದಲ್ಲಿ ಮೊದಲ ದರ್ಜೆ ತೆಗೆದ ಮೇಲೂ, ಬಣ್ಣ ಕಂಪನಿಯವರು ಹಾಕುವುದು, ಔಷಧಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಪರೀಕ್ಷೆಯಲ್ಲಿ ಬರೆದ ಮೇಲೂ, ಅವಳ ಬಾಯಿ ಮಾತ್ರ ಅಮ್ಮನ ಪಕ್ಷ ಬಿಟ್ಟಿರಲಿಲ್ಲ.

ಅಪ್ಪ ಆಸ್ಪತ್ರೆಯಿಂದ ಬಂದ ಮಾರನೆಯ ದಿನದಿಂದ ಅಂಗಡಿಗೆ ಹೋಗಲಿಲ್ಲ. ಹೋಗಬೇಡಿ ಎಂದು ಅಮ್ಮ ಅಂದಳೋ, ಅವನೇ ಬಿಟ್ಟನೋ, ಇಬ್ಬರೂ ಹೇಳಿದವರಲ್ಲ. ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡ ಡಬ್ಬಿಯಂಥ ಅಂಗಡಿ ಹಿಡಿದು ಬೀಗದ ಕೈ ಮಾಡಲು ಕೂತ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಮಾತ್ರೆ ಕೊಡಿ ಅಂದರೆ ಔಷಧಿಯ ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಬಂದು ಮೇಜಿನ ಮೇಲಿಡುತ್ತಿದ್ದ. ಮುಚ್ಚಳ ತೆಗೆಯುತ್ತಿರಲಿಲ್ಲ.

"ಏನಾದ್ರೂ ಆಗ್ತಿದೆಯಾ?" ಡಾಕ್ಟರ್ ಕೇಳಿದರು.

"ಇಲ್ಲ ಮೇಡಂ."

"ಬೇಜಾರಾದ ಹಾಗಿದೆಯಲ್ಲ."

ಉಳಿದ ಪಾಲನ್ನು ಅವಳು ಕಣ್ಣು ಬಿಟ್ಟುಕೊಂಡೇ ಕುಡಿದಳು. ಮತ್ತೆ ಕಾದಳು. ಸಿಸ್ಟರ್ ಅವಳ ನಾಡಿ ಹಿಡಿದರು, ತೋಳು ತಿರುಗಿಸಿ ನೋಡಿದರು, ಬಾಯೊಳಗೆ ಟಾರ್ಚು ಬಿಟ್ಟರು. ಚರ್ಮ ಚರ್ಮದ ಹಾಗೇ ಇತ್ತು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಾಗೇ ಇತ್ತು.

"ಹೋಗು, ಸ್ಟ್ರಾಬೆರಿ ಐಸ್‌ಕ್ರೀಮ್ ತಿನ್ನು," ಅಂದರು ಡಾಕ್ಟರ್. "ನಿನಗೆ ಯಾವತ್ತೂ ಅಲರ್ಜಿ ಇರಲಿಲ್ಲ. ಜ್ವರದ ದದ್ದು ಅದು."

ಶನಿವಾರ ಅವಳು ಬಸ್ಸಿನಿಂದಿಳಿದವಳು ಮನೆಗೆ ಹೋಗದೆ ನೇರ ಅಪ್ಪನ ಡಬ್ಬಿಯ ಮುಂದೆ ನಿಂತಳು. ಅಲ್ಲಿ ಆಗಲೇ ಒಬ್ಬ ಗಿರಾಕಿ ಒಂದು ಕೀಲಿಕೈ ಮುಂದೆ ಹಿಡಿದು ನಿಂತಿದ್ದ.

"ಯಾವ ಬಾಗಿಲಿಂದು?" ಅಪ್ಪ ಕೇಳುತ್ತಿದ್ದ.

"ಮನೇದು."

"ನಿಮ್ಮದೇ ಮನೆಯಾ?"

"ಬಾಡಿಗೆದು."

"ಇನ್ನೊಂದು ಕೀ ಯಾರಿಗೆ? ಮಾಲೀಕರಿಗೆ ಗೊತ್ತಾ?"

"ಅಲ್ಲ ಸ್ವಾಮಿ, ಕೀ ಮಾಡಿಸೋಕೆ ಬಂದಿದ್ದೀನೋ ಪೊಲೀಸ್ ಸ್ಟೇಷನ್ನಿಗೆ ಬಂದಿದ್ದೀನೋ?"

ಅಪ್ಪ ನಗಲಿಲ್ಲ. ಉತ್ತರ ಬರುವವರೆಗೆ ಕೈಯಲ್ಲಿದ್ದ ಅರ ಅಲ್ಲಾಡಲಿಲ್ಲ. ಕೀ ಹೆಂಡತಿಗೆ, ಮಾಲೀಕರೇ ಮಾಡಿಸಿಕೋ ಅಂದಿದ್ದಾರೆ, ಬೇಕಾದರೆ ಫೋನು ಮಾಡಿ ಕೊಡುತ್ತೇನೆ ಎಂದು ಗಿರಾಕಿ ಅಂದ ಮೇಲೆಯೇ ಅಪ್ಪ ಹಲ್ಲು ಕೊರೆಯದ ಕೀಯೊಂದನ್ನು ತೆಗೆದು ಇಕ್ಕಳಕ್ಕೆ ಸಿಕ್ಕಿಸಿದ. ಈ ತನಿಖೆಯ ದೆಸೆಯಿಂದ ಅರ್ಧ ಗಿರಾಕಿಗಳು ಬಸ್ ನಿಲ್ದಾಣದ ಆಚೆ ತುದಿಯ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಅಲ್ಲಿಯವನು ಜೈಲಿನ ಕೀ ಕೊಟ್ಟರೂ ಮಾಡಿಕೊಡುತ್ತಾನೆ ಅನ್ನುವುದು ಅಮ್ಮನ ದೂರು.

ಗಿರಾಕಿ ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತು ಹೇಳಿದಳು. ಎಲ್ಲ ಒಂದೇ ಉಸಿರಿಗೆ. ಪರೀಕ್ಷೆ, ಸಿರಿಂಜು, ಕಾದದ್ದು, ಏನೂ ಆಗದ್ದು. "ನನಗೆ ಅಲರ್ಜಿ ಇಲ್ಲ ಅಪ್ಪ. ಇರಲೇ ಇಲ್ಲ. ಜ್ವರದ ದದ್ದು ಅದು. ನೀನು ಕೊಟ್ಟ ಔಷಧಿಯಿಂದ ಅಲ್ಲ."

ಅಪ್ಪ ಹಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬೆರಳಿನ ಒಂದೊಂದು ಸಂದಿಯನ್ನೂ.

"ಒಬ್ಬಳೇ ಹೋಗಿ ಕುಡಿದ್ಯಾ?"

"ಡಾಕ್ಟರಿದ್ರು, ಸಿಸ್ಟರಿದ್ರು, ಇಂಜೆಕ್ಷನ್ ಪಕ್ಕದಲ್ಲೇ ಇತ್ತು."

"ಸರಿ ಮತ್ತೆ." ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ, "ಸ್ಟ್ರಾಬೆರಿ ತಿಂದ್ಯಾ?" ಅಂದ.

ಮಧ್ಯಾಹ್ನವೇ ಬಾಗಿಲು ಎಳೆದು ಇಬ್ಬರೂ ಎದುರಿನ ಐಸ್‌ಕ್ರೀಮ್ ಅಂಗಡಿಗೆ ಹೋದರು. ಅಪ್ಪ ಎರಡು ತರಿಸಿದ, ಎರಡೂ ಗುಲಾಬಿ ಬಣ್ಣದ್ದು. ಅವನೂ ತಿಂದು ಎಷ್ಟೋ ವರ್ಷವಾಗಿರಬೇಕು. ಅವಳು ಮೊದಲ ಚಮಚ ಬಾಯಲ್ಲಿಟ್ಟುಕೊಂಡಳು.

"ಹೇಗಿದೆ?"

"ಸಾಬೂನಿನ ಹಾಗಿದೆ."

ಆಗ ಅಪ್ಪ ನಕ್ಕ. ಭುಜ ಅಲುಗುವ ಹಾಗೆ ನಕ್ಕ. "ಇದಕ್ಕೋಸ್ಕರ ಇಷ್ಟು ವರ್ಷ ಅಳ್ತಿದ್ಯಲ್ಲೇ," ಅಂದು ಅವಳದ್ದನ್ನೂ ಎಳೆದುಕೊಂಡು ತಿಂದು ಮುಗಿಸಿದ.

ಆ ನಗುವಿನ ಸಲುಗೆಯಲ್ಲಿ ಅವಳು ಉಳಿದ ಕಥೆಗಳನ್ನೂ ಹೇಳಿದಳು. ನಾಯಿ ಕಚ್ಚಿದ ಅಣ್ಣನ ತಮ್ಮ, ಸ್ವೆಟರಿನ ದನಿಯ ಹುಡುಗ. ಕೊನೆಗೆ, ಇದೂ ತಮಾಷೆಯೇ ಎಂದುಕೊಂಡು, ಬಿಸ್ಕತ್ತಿನ ಹುಡುಗನ ಕಥೆ. ಅವನು ಓಟಗಾರ, ಹಾಸ್ಟೆಲಿನಲ್ಲಿ ಎಲ್ಲರೂ ಕುದುರೆ ಅನ್ನುತ್ತಿದ್ದರು. ಸರ್ವೆಯಲ್ಲಿ ಗೆಳೆಯರು ಹೌದು ಅಂದದ್ದು ನೋಡಿ ಅವನೂ ಹೌದು ಅಂದಿದ್ದ. ನಿನಗೆ ನಿಜವಾಗಲೂ ಇದೆಯಾ ಅಂದರೆ, ನನಗೇನು ಗೊತ್ತು ಅಕ್ಕಾ, ಕಲ್ಲು ತಿಂದರೂ ಅರಗುತ್ತೆ, ಪರೀಕ್ಷೆಗೆ ಬಂದ್ರೆ ಬಿಸ್ಕತ್ತು ಕೊಡ್ತೀರಂತಲ್ಲ ಅಂದವನು. ಮೊದಲ ಪಾಲು ಕುಡಿದು ಸ್ವಲ್ಪ ಹೊತ್ತಿಗೆ, ಬಿಸ್ಕತ್ತಿಗೆ ಕೈ ಹಾಕಿದವನು, ತುಟಿ ದಪ್ಪ ಆಗ್ತಿದೆ ಅಲ್ವಾ ಎಂದು ಕೇಳಿದ. ಸಿಸ್ಟರ್ ಅವನ ಪ್ಯಾಂಟಿನ ಮೇಲಿನಿಂದಲೇ ಸೂಜಿ ಇಳಿಸಿದರು. ಸಂಜೆಯ ಹೊತ್ತಿಗೆ ಎದ್ದು ಕೂತು, ಬಿಸ್ಕತ್ತು ಎಲ್ಲಿ ಅಂದ.

ಅಪ್ಪ ನಗುತ್ತಾನೆಂದು ಅವಳು ಕಾದಳು.

"ಎಷ್ಟು ಜನ ಬಂದಿದ್ರು ಅಂದೆ?"

"ಹದಿನೆಂಟು. ನಾನು ಸೇರಿ ಹತ್ತೊಂಬತ್ತು. ಇಬ್ಬರಿಗೆ ಮಾತ್ರ ಇತ್ತು ಅಪ್ಪ! ಬರೀ ಇಬ್ಬರಿಗೆ."

"ಅವರಲ್ಲಿ ಅವನೊಬ್ಬ."

"ಹೂಂ."

"ಅವನಿಗೇ ಗೊತ್ತಿರಲಿಲ್ಲ."

"ಅದೇ ತಮಾಷೆ."

ಅಪ್ಪ ಚಮಚವನ್ನು ಬಟ್ಟಲಿನೊಳಗೆ ಅಂಗಾತ ಇಟ್ಟ. "ನಡಿ, ಅಮ್ಮ ಕಾಯ್ತಿರ್ತಾಳೆ," ಅಂದ. ರಸ್ತೆ ದಾಟುವಾಗ, ಅವಳಿಗೆ ಇಪ್ಪತ್ತಮೂರು ವರ್ಷವಾಗಿರುವುದನ್ನು ಮರೆತವನ ಹಾಗೆ, ಅವಳ ಮಣಿಕಟ್ಟು ಹಿಡಿದುಕೊಂಡ.

ಅಮ್ಮ ನಂಬಲಿಲ್ಲ. ಬಟ್ಟೆ ಮಡಿಸುತ್ತಾ ನಿಂತವಳು, ಮಗಳು ಹೇಳಿದ್ದನ್ನು ಕೊನೆಯವರೆಗೆ ಕೇಳಿ, ಒಂದು ಟವೆಲನ್ನು ಎರಡು ಸಲ ಕೊಡವಿದಳು.

"ಹಾಗಾದ್ರೆ ನಾನು ನೋಡಿದ್ದು ಸುಳ್ಳು. ನನ್ನ ಕಣ್ಣೆದುರಿಗೆ ಮಗು ನೀಲಿಯಾಗಿದ್ದು ಸುಳ್ಳು."

"ನೀಲಿ ಆಗಿರಲಿಲ್ಲ ಅಮ್ಮ. ದದ್ದು ಎದ್ದಿತ್ತು. ದದ್ದು ನಿಜ. ಕಾರಣ ಬೇರೆ."

"ನಿಮ್ಮಪ್ಪ ಹೇಳ್ಕೊಟ್ರಾ?"

"ಅಪ್ಪನಿಗೆ ಗೊತ್ತಾಗಿದ್ದೇ ಇವತ್ತು."

"ನಿನ್ನ ಡಾಕ್ಟರಮ್ಮ ಆವತ್ತು ಅಲ್ಲಿದ್ಲಾ?"

ಅವಳು ಬ್ಯಾಗಿನಿಂದ ದಾರಿಯಲ್ಲಿ ಕೊಂಡಿದ್ದ ಗುಲಾಬಿ ಬಣ್ಣದ ಕೆನೆಯ ವೇಫರ್ ಬಿಸ್ಕತ್ತಿನ ಪೊಟ್ಟಣ ತೆಗೆದಳು. ಔಷಧಶಾಸ್ತ್ರದ ಪ್ರಕಾರ ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಮ್ಮನ ಶಾಸ್ತ್ರದ ಪ್ರಕಾರ ಆಗುತ್ತದೆ ಎಂದೂ ಗೊತ್ತಿತ್ತು. ಅಮ್ಮನ ಎದುರಿಗೇ ಒಂದು ಕಚ್ಚಿದಳು. ಅಮ್ಮನ ಕೈ ತಾನಾಗಿ ಮುಂದೆ ಬಂತು, ಕಿತ್ತುಕೊಳ್ಳಲು. ಅರ್ಧದಲ್ಲಿ ನಿಂತಿತು. ಅವಳು ಎರಡನೆಯದನ್ನೂ ತಿಂದಳು, ಮೂರನೆಯದನ್ನೂ. ಪುಡಿ ಕೆಳಗೆ ಉದುರಿತು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಮೊದಲು ತುಟಿ, ಆಮೇಲೆ ಕಣ್ಣು, ಆಮೇಲೆ ಕತ್ತು.

"ನೀರು ಕುಡಿ," ಅಂದಳು ಕೊನೆಗೆ. "ಗಂಟಲಿಗೆ ಸಿಕ್ಕೀತು."

ಅಷ್ಟೇ. ಉಳಿದ ಬಟ್ಟೆ ಮಡಿಸಿದಳು. ಅಪ್ಪನ ಅಂಗಿಗಳನ್ನು ಮಾತ್ರ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಇಸ್ತ್ರಿ ಮಾಡಲು ಕೂತಳು. ರಾತ್ರಿಯ ಊಟಕ್ಕೆ ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸಲ ಬಡಿಸಿದಳು. ಅಪ್ಪ ಕಣ್ಣೆತ್ತಿ ನೋಡಿ ಉಂಡ. ಕ್ಷಮಿಸಿ ಅನ್ನುವ ಮಾತು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಅದರ ಬದಲು ಅಮ್ಮ ಕೈ ತೊಳೆದು ತನ್ನ ತಮ್ಮನಿಗೆ ಫೋನು ಮಾಡಿ, ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು, ಅಪ್ಪಣೆ ಕೊಡುವ ದನಿಯಲ್ಲಿ ಏನೋ ಹೇಳಿದಳು.

ಭಾನುವಾರ ಬೆಳಗ್ಗೆ ಮಾವ ಬಂದ. ಮೂರು ಮೆಟ್ಟಿಲು ಹತ್ತಲು ಗೋಡೆ, ಬಾಗಿಲು ಮತ್ತು ಅಕ್ಕನ ಮಗಳ ಭುಜ ಮೂರನ್ನೂ ಹಿಡಿದುಕೊಂಡ.

"ಏನೇ ಅಲರ್ಜಿ ಅಕ್ಕ, ನಿನಗೇ ಇಲ್ವಂತೆ ಅಲರ್ಜಿ? ಇಲ್ಲದ ರೋಗಕ್ಕೆ ಇಷ್ಟು ವರ್ಷ ಪಥ್ಯ ಮಾಡಿಸಿದಳಲ್ಲೇ ನಮ್ಮಕ್ಕ!"

"ನಿನ್ನ ಬಾಯಿಗೊಂದು ಬೀಗ ಹಾಕ್ಕೊ," ಅಂದಳು ಅಮ್ಮ. "ಬಂದ ಕೆಲಸ ನೋಡು."

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮಾವ ಅವನ ಎದುರಿಗೆ ಕಾಲು ಚಾಚಿ ಕೂತು, ಟೀಗೆ ಊದಿ, ಒಂದು ಗುಟುಕು ಕುಡಿದ.

"ಭಾವ, ಸುತ್ತಿ ಬಳಸಿ ಮಾತಾಡಲ್ಲ. ನನ್ನ ಮಂಡಿ ಎರಡೂ ರಾಜೀನಾಮೆ ಕೊಟ್ಟಿವೆ. ಬೆಳಗ್ಗೆಯಿಂದ ರಾತ್ರಿ ತನಕ ನಿಂತ್ಕೊಳ್ಳೋಕೆ ಆಗಲ್ಲ. ನೀವು ಬನ್ನಿ. ಆವತ್ತೇ ನಿಮ್ಮನ್ನ ಹೋಗೋಕೆ ಬಿಡಬಾರದಿತ್ತು, ಅಕ್ಕನಿಗೆ ಹೆದರಿದೆ. ಈಗ ಅಕ್ಕನೇ ಹೇಳ್ತಿದ್ದಾಳೆ. ನಿಮ್ಮ ಹಳೇ ಸ್ಟೂಲು ಹಾಗೇ ಇದೆ, ಯಾರನ್ನೂ ಕೂರಿಸಿಲ್ಲ."

"ಅದರ ಒಂದು ಕಾಲು ಮುರಿದಿತ್ತಲ್ಲ," ಅಂದ ಅಪ್ಪ.

"ಅದಕ್ಕೇ ಯಾರನ್ನೂ ಕೂರಿಸಿಲ್ಲ."

ಅವಳಿಗೆ ನಗು ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡಳು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಮಾವ ಜೇಬಿನಿಂದ ಅಂಗಡಿಯ ಕೀ ತೆಗೆದು ಟೀಪಾಯಿಯ ಮೇಲಿಟ್ಟ. ಅಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದ.

"ನಾನೇ ಮಾಡಿದ್ದು ಇದು."

"ಮತ್ತೆ ಇನ್ಯಾರು? ಹೋದ ವರ್ಷ ನಾನೇ ಬಂದು ಮಾಡಿಸ್ಕೊಂಡು ಹೋದೆ. ಸ್ವಂತ ಹೆಂಡತಿಯ ತಮ್ಮ ಅಂತಾನೂ ನೋಡದೆ, ಯಾವ ಬಾಗಿಲು, ಯಾರಿಗೆ ಬೇಕು ಅಂತ ಕೇಳಿದ್ರಿ."

"ಕೇಳಬೇಕು."

"ಕೇಳಿ, ಯಾರು ಬೇಡ ಅಂದ್ರು?"

ಅಪ್ಪ ಕೀಯನ್ನು ಅಂಗೈಯಲ್ಲಿ ತಿರುಗಿಸಿದ. "ಅಲ್ಲಿ ಕೇಳ್ತಾ ಇರಲಿಲ್ಲ ನಾನು," ಅಂದ. "ನಿನ್ನ ಅಂಗಡೀಲಿ. ಕೆಮ್ಮು ಅಂದ್ರೆ ಒಂದು ಬಾಟಲಿ, ಜ್ವರ ಅಂದ್ರೆ ಇನ್ನೊಂದು. ಏನು ಬೇಗ ಕೊಡ್ತಾರಪ್ಪ ಅಂತ ಜನ ಹೊಗಳೋರು. ಇವಳಿಗೆ ಕೊಟ್ಟಾಗಲೂ ಹಾಗೇ ಕೊಟ್ಟೆ."

"ಅದರಿಂದ ಏನೂ ಆಗಿಲ್ಲ ಅಂತ ಪರೀಕ್ಷೆನೇ ಹೇಳ್ತಿದೆಯಲ್ರೀ!" ಅಮ್ಮನ ದನಿ ಒಡೆಯಿತು. "ನಿಮ್ಮ ತಪ್ಪೇನೂ ಇಲ್ಲ ಅಂತ."

"ಪರೀಕ್ಷೆ ಅವಳದ್ದು. ನನ್ನದಲ್ಲ."

"ಏನ್ರೀ ಹಾಗಂದ್ರೆ?"

"ಅವಳಿಗೆ ಅಲರ್ಜಿ ಇಲ್ಲ. ಅಷ್ಟೇ ಅದು ಹೇಳೋದು."

"ಅಪ್ಪಾ," ಅಂದಳು ಅವಳು. ನಿನ್ನೆ ಐಸ್‌ಕ್ರೀಮ್ ಅಂಗಡಿಯಲ್ಲಿ ತಾನು ಹೇಳಬಾರದ ಕಥೆ ಹೇಳಿದೆನೆಂದು ಅವಳಿಗೆ ಆಗ ಹೊಳೆಯಿತು. "ಅಂಥವರು ತೀರ ಕಮ್ಮಿ. ಲೆಕ್ಕ ನಾನೇ ಮಾಡಿದ್ದೀನಿ."

"ಚೆನ್ನಾಗಿ ಮಾಡಿದ್ದೀಯ." ಅದು ಕೊಂಕಾಗಿರಲಿಲ್ಲ. ಮಗಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗಿನ ದನಿ. "ಆದ್ರೆ ಆ ಬಿಸ್ಕತ್ತಿನ ಹುಡುಗ ಕೌಂಟರಿಗೆ ಬಂದ ಅಂತ ಇಟ್ಕೋ. ಏನಾದ್ರೂ ಆಗಲ್ವೇನಪ್ಪ ನಿನಗೆ ಅಂತ ಕೇಳ್ದೆ. ಕಲ್ಲು ತಿಂದರೂ ಅರಗುತ್ತೆ ಅಂತಾನೆ. ಕೊಡ್ಲಾ?"

ಮಾವ ಟೀಯ ಲೋಟ ಕೆಳಗಿಟ್ಟ. "ಭಾವ, ಅಷ್ಟೆಲ್ಲ ಯೋಚನೆ ಮಾಡಿದ್ರೆ ಊರಲ್ಲಿ ಒಂದು ಔಷಧಿ ಅಂಗಡಿ ಇರಲ್ಲ."

"ಇರಲಿ. ಬೇಕು ಅವು. ನೀನು ಇಟ್ಟಿದ್ದೀಯಲ್ಲ." ಅಪ್ಪ ಕೀಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. "ಇದು ಹೊಂದಲಿಲ್ಲ ಅಂದ್ರೆ ಬೈಕೊಂಡು ವಾಪಸ್ ಬರ್ತಾರೆ. ಇನ್ನೊಂದು ಸಲ ಉಜ್ಜಿ ಕೊಡ್ತೀನಿ."

ಹೊರಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಅಮ್ಮ ಚೌಕಟ್ಟು ಬಿಟ್ಟು ಮುಂದೆ ಬಂದಳು. ಅಪ್ಪನ ಕುರ್ಚಿಯ ಪಕ್ಕ ನಿಂತು, ಅವನ ಹೊಸದಾಗಿ ಇಸ್ತ್ರಿಯಾದ ಕಾಲರನ್ನು ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು.

"ನನಗೋಸ್ಕರ ಹೋಗಿ," ಅಂದಳು, ಮೆಲ್ಲಗೆ. "ಬೆಳಗ್ಗೆ ಹೊತ್ತು ಮಾತ್ರ. ಜನ ನೋಡಲಿ ನೀವು ಅಲ್ಲಿ ಕೂತಿರೋದನ್ನ. ನಾನು ಹೇಳಿಕೊಂಡು ಬಂದಿದ್ದನ್ನೆಲ್ಲ ಕೇಳಿದವರು ನೋಡಲಿ."

ಈಗ ಒಪ್ಪುತ್ತಾನೆ ಎಂದುಕೊಂಡಳು ಮಗಳು. ಅಮ್ಮ ಇಷ್ಟು ಕೆಳಗಿಳಿದು ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪ ಅಮ್ಮನ ಕೈಯನ್ನು ಕಾಲರಿನಿಂದ ತೆಗೆದು, ಒಂದು ಗಳಿಗೆ ತನ್ನ ಕೈಯಲ್ಲಿಟ್ಟುಕೊಂಡು, ಬಿಟ್ಟ. ಆಮೇಲೆ ಕೀಯನ್ನು ಟೀಪಾಯಿಯ ಮೇಲಿಟ್ಟು, ಬೆರಳ ತುದಿಯಿಂದ ಮಾವನ ಲೋಟದವರೆಗೂ ತಳ್ಳಿದ.

"ಬೇಡ," ಅಂದ. "ನಾನು ಬರಲ್ಲ."